ಕಸ, ರಸ ಮತ್ತು ಮುಟ್ಟಿದ ಕೈ

ದಲಿತ ವಿಮರ್ಶೆ ಅಂದ ಕೂಡಲೇ ನಾವು ಕಾವ್ಯ, ಕತೆ, ಆತ್ಮಕತೆಗಳ ಕಡೆ ತಿರುಗುತ್ತೇವೆ. ತಪ್ಪೇನಲ್ಲ. ಆದರೆ ಅಕ್ಷರ ನಮ್ಮ ಕೈಗೆ ಬಂದದ್ದು ನಿನ್ನೆ ಮೊನ್ನೆ. ಪೊರಕೆ, ತೊಗಲು, ಸತ್ತ ದನ, ಊರಿನ ಕಸ ಇವು ಬಂದದ್ದು ಎಷ್ಟೋ ತಲೆಮಾರುಗಳ ಹಿಂದೆ. ಈ ವಸ್ತುಗಳ ಮೂಲಕವೇ ನಮ್ಮನ್ನು ಗುರುತಿಸಿದರು, ಈ ವಸ್ತುಗಳ ಹೆಸರಿನಲ್ಲೇ ದೂರ ಇಟ್ಟರು. ಹೀಗಿರುವಾಗ ಬಳಸಿ ಬಿಸಾಡಿದ ವಸ್ತುಗಳಿಂದ ಶಿಲ್ಪ ಮಾಡುವ ಕಲೆಯ ಚರಿತ್ರೆಯನ್ನು ದಲಿತ ಕಣ್ಣಿನಿಂದ ಓದುವ ಕೆಲಸ ನಮ್ಮಲ್ಲಿ ಇಷ್ಟು ಕಡಿಮೆ ಯಾಕೆ?

ಶಾಲೆ ಕಾಲೇಜುಗಳಲ್ಲಿ ‘ಕಸದಿಂದ ರಸ’ ಅಂತ ಒಂದು ಸ್ಪರ್ಧೆ ಇಡ್ತಾರೆ. ನಾನು ಪಾಠ ಮಾಡುವ ಕಡೆಯೂ ಇದೆ. ಒಡೆದ ಬಳೆ, ಐಸ್‌ಕ್ರೀಂ ಕಡ್ಡಿ, ಪ್ಲಾಸ್ಟಿಕ್ ಬಾಟಲಿ, ಎಲ್ಲವನ್ನೂ ಮನೆಯಲ್ಲಿ ತೊಳೆದು ಒಣಗಿಸಿ ತಂದಿರುತ್ತಾರೆ. ಬಹುಮಾನ ಹಂಚಿದ ಮಾರನೆಯ ಬೆಳಿಗ್ಗೆ ಅದನ್ನೆಲ್ಲ ಗುಡಿಸುವುದು ಪೌರಕಾರ್ಮಿಕ ಹೆಂಗಸರು. ಅವರಲ್ಲೊಬ್ಬರು ನನ್ನನ್ನು ಕೇಳಿದ್ದುಂಟು: “ಇದ್ರಲ್ಲಿ ಕಸ ಯಾವ್ದು ಸಾ, ಬೊಂಬೆ ಯಾವ್ದು? ಎಲ್ಲಾ ತಗಂಡೋಗ್ಲಾ?” ಈ ಪ್ರಶ್ನೆಯನ್ನು ಇಟ್ಟುಕೊಂಡೇ ನಾನು ಮುಂದಿನ ಮಾತುಗಳನ್ನು ಆಡುತ್ತಿದ್ದೇನೆ.

ಕಲಾಶಾಲೆಗಳ ಪಠ್ಯದಲ್ಲಿ ಈ ಚರಿತ್ರೆ ಶುರುವಾಗುವುದು ಯುರೋಪಿನ ಗಂಡಸರಿಂದ. ಪಿಕಾಸೊ 1942ರಲ್ಲಿ ಸೈಕಲ್ಲಿನ ಸೀಟು, ಹ್ಯಾಂಡಲ್ಲು ಜೋಡಿಸಿ ಗೂಳಿಯ ತಲೆ ಮಾಡಿದ. ಅದಕ್ಕೂ ಮೊದಲು, 1917ರಲ್ಲಿ, ಮಾರ್ಸೆಲ್ ದುಶಾಂಪ್ ನ್ಯೂಯಾರ್ಕಿನಲ್ಲಿ ಅಂಗಡಿಯಿಂದ ಕೊಂಡ ಪಿಂಗಾಣಿಯ ಮೂತ್ರದ ಬೇಸಿನ್ನನ್ನು ಅಡ್ಡ ಮಲಗಿಸಿ, ‘ಆರ್. ಮಟ್’ ಎಂಬ ಸುಳ್ಳು ಹೆಸರಿನ ಸಹಿ ಹಾಕಿ, ‘ಫೌಂಟನ್’ ಎಂದು ಕರೆದು ಪ್ರದರ್ಶನಕ್ಕೆ ಕಳಿಸಿದ. ಶುಲ್ಕ ಕಟ್ಟಿದ ಯಾರ ಕೃತಿಯನ್ನೂ ತಿರಸ್ಕರಿಸುವುದಿಲ್ಲ ಎಂದಿದ್ದ ಸಂಘ ಇದನ್ನು ಮಾತ್ರ ಪ್ರದರ್ಶನಕ್ಕಿಡಲಿಲ್ಲ. ಮೂಲ ವಸ್ತು ಕಳೆದುಹೋಯಿತು. ಇವತ್ತು ಮ್ಯೂಸಿಯಮ್ಮುಗಳಲ್ಲಿ ಇರುವುದು ಅದರ ಪ್ರತಿಕೃತಿಗಳು. ಕಲೆ ಎಂದರೆ ಏನು, ಅದನ್ನು ತೀರ್ಮಾನಿಸುವವರು ಯಾರು ಎಂದು ಕೇಳಿದ ಕೃತಿ ಅದು. ಅದರ ಕೆಚ್ಚನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗಮನಿಸಿ, ದುಶಾಂಪ್ ತಂದದ್ದು ಹೊಚ್ಚಹೊಸ ಬೇಸಿನ್ನು. ಅದನ್ನು ಯಾರೂ ಬಳಸಿರಲಿಲ್ಲ, ಆದ್ದರಿಂದ ಯಾರೂ ತೊಳೆದೂ ಇರಲಿಲ್ಲ. ಬಳಸಿದ ಬೇಸಿನ್ನು ಆಗಿದ್ದರೆ ತೊಳೆದ ಕೈ ಯಾರದು ಎಂಬ ಪ್ರಶ್ನೆ ಆ ಸೌಂದರ್ಯಮೀಮಾಂಸೆಗೆ ಹೊಳೆಯುತ್ತಿತ್ತೋ ಇಲ್ಲವೋ!

ನಮ್ಮ ಕಡೆಯ ಶಾಸ್ತ್ರಗಳಿಗೆ ಇಂಥ ಗೊಂದಲವೇ ಇಲ್ಲ. ಅಲ್ಲಿ ವಸ್ತುವಿಗೂ ಹುಟ್ಟಿನಿಂದಲೇ ಅಂತಸ್ತು. ಶಿಲ್ಪದ ಗ್ರಂಥಗಳು ಕಲ್ಲನ್ನು ಗಂಡು, ಹೆಣ್ಣು, ನಪುಂಸಕ ಎಂದು ವಿಂಗಡಿಸುತ್ತವೆ. ವಿಷ್ಣುಧರ್ಮೋತ್ತರ ಪುರಾಣ ಬಣ್ಣ ನೋಡಿ ಕಲ್ಲಿಗೂ ವರ್ಣ ಹಂಚುತ್ತದೆ. ಭಾಗವತದ ಹನ್ನೊಂದನೆಯ ಸ್ಕಂಧ ಪೂಜೆಗೆ ತಕ್ಕ ಪ್ರತಿಮೆಗಳು ಎಂಟು ಬಗೆ ಎನ್ನುತ್ತದೆ: ಕಲ್ಲು, ಮರ, ಲೋಹ, ಲೇಪ, ಚಿತ್ರ, ಮರಳು, ರತ್ನ, ಮನಸ್ಸು. ಮನಸ್ಸಿಗೂ ಜಾಗವಿದೆ, ತೊಗಲಿಗಿಲ್ಲ. ಆ ತೊಗಲಿನಲ್ಲೇ ರಾಮನನ್ನೂ ರಾವಣನನ್ನೂ ಕೊರೆದು ಬಣ್ಣ ತುಂಬಿ, ಪರದೆಯ ಹಿಂದೆ ಕುಣಿಸಿದವರು ನಮ್ಮ ಕಿಳ್ಳೇಕ್ಯಾತರು. ಅದನ್ನು ‘ಜಾನಪದ’ ಎಂದು ಬೇರೆ ಕೋಣೆಯಲ್ಲಿಟ್ಟರು. ಶಿಲ್ಪ ಅನ್ನಲಿಲ್ಲ.

ದುಶಾಂಪ್ ಬೇಸಿನ್ನು ಕಳಿಸಿದ ಅದೇ 1917ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಸ್ನೋ ಹಿಲ್ ಎಂಬಲ್ಲಿ ಕಪ್ಪು ಕುಟುಂಬವೊಂದರಲ್ಲಿ ನೋವಾ ಪ್ಯೂರಿಫಾಯ್ ಹುಟ್ಟಿದ. ಬಿಳಿಯರಿಗೊಂದು ನಲ್ಲಿ, ಕರಿಯರಿಗೊಂದು ನಲ್ಲಿ ಎಂಬ ಕಾಯಿದೆಯ ನಾಡು ಅದು. ಮೇಷ್ಟ್ರಾಗಿ, ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ಕೆಲಸಗಾರನಾಗಿ, ಆಮೇಲೆ ಸಮಾಜಕಾರ್ಯದ ಪದವಿ ಪಡೆದವನಾಗಿ, ಕೊನೆಗೆ ಲಾಸ್ ಏಂಜಲೀಸ್ ಸೇರಿ 1956ರಲ್ಲಿ, ಹೆಚ್ಚುಕಡಿಮೆ ನಲವತ್ತರ ಹೊತ್ತಿಗೆ, ಕಲಾಶಾಲೆಯ ಪದವಿ ಪಡೆದ. ಸಮಾಜಕಾರ್ಯಕರ್ತ ಮೊದಲು, ಕಲಾವಿದ ಆಮೇಲೆ. ಇದು ಅವನನ್ನು ಅರ್ಥ ಮಾಡಿಕೊಳ್ಳಲು ಮುಖ್ಯ.

1964ರಲ್ಲಿ ಅವನು ಗೆಳೆಯರ ಜೊತೆ ಸೇರಿ ವಾಟ್ಸ್ ಎಂಬ ಕಪ್ಪುಜನರ ಬಡಾವಣೆಯಲ್ಲಿ ಮಕ್ಕಳಿಗಾಗಿ ಒಂದು ಕಲಾಕೇಂದ್ರ ತೆರೆದ. ಅದರ ಪಕ್ಕದಲ್ಲೇ ವಾಟ್ಸ್ ಗೋಪುರಗಳು. ಇಟಲಿಯಿಂದ ವಲಸೆ ಬಂದ ಸೈಮನ್ ರೋಡಿಯಾ ಎಂಬ ಕೂಲಿಕಾರ 1921ರಿಂದ 1954ರವರೆಗೆ, ಕೆಲಸ ಮುಗಿಸಿ ಬಂದ ಮೇಲೆ ಒಬ್ಬನೇ ಕೂತು, ಕಬ್ಬಿಣದ ಸರಳು, ಸಿಮೆಂಟು, ಒಡೆದ ಹಂಚು, ಬಾಟಲಿ ಚೂರು, ಕಪ್ಪೆಚಿಪ್ಪುಗಳಿಂದ ಕಟ್ಟಿದ ಗೋಪುರಗಳವು. ಅತಿ ಎತ್ತರದ್ದು ಸುಮಾರು ನೂರು ಅಡಿ. ಅಪಾಯಕಾರಿ ಎಂದು ನಗರಾಡಳಿತ ಕೆಡವಲು ಹೊರಟಾಗ, 1959ರಲ್ಲಿ ಹತ್ತು ಸಾವಿರ ಪೌಂಡುಗಳ ಎಳೆತ ಕೊಟ್ಟು ಪರೀಕ್ಷೆ ಮಾಡಿದರು. ಗೋಪುರ ಬಗ್ಗಲಿಲ್ಲ. ಹರಕು ಮುರುಕಿನಿಂದ ಕಟ್ಟಿದ್ದು ಗಟ್ಟಿ ನಿಲ್ಲುತ್ತದೆ ಎಂಬ ಪಾಠ ಪ್ಯೂರಿಫಾಯ್‌ಗೆ ಮನೆ ಬಾಗಿಲಲ್ಲೇ ಇತ್ತು.

1965ರ ಆಗಸ್ಟ್ 11ರಂದು ಪೊಲೀಸರು ಒಬ್ಬ ಕಪ್ಪು ಯುವಕನನ್ನು ರಸ್ತೆಯಲ್ಲಿ ತಡೆದದ್ದು ನೆಪ. ಅದರ ಹಿಂದಿನ ವರ್ಷವಷ್ಟೇ ಕ್ಯಾಲಿಫೋರ್ನಿಯಾದ ಮತದಾರರು, ಮನೆ ಕೊಡುವಾಗ ಜನಾಂಗ ನೋಡಬಾರದು ಎಂಬ ಕಾಯಿದೆಯನ್ನು ಮತ ಹಾಕಿ ರದ್ದು ಮಾಡಿದ್ದರು. ಕೆಲಸ ಇಲ್ಲ, ಮನೆ ಇಲ್ಲ, ಪೊಲೀಸರ ಕಾಟ. ವಾಟ್ಸ್ ಆರು ದಿನ ಉರಿಯಿತು. 34 ಜನ ಸತ್ತರು. ಪತ್ರಿಕೆಗಳು ‘ದಂಗೆ’ ಅಂದವು. ಅಲ್ಲಿನ ಜನ ‘ಬಂಡಾಯ’ ಅಂದರು. (ನಮ್ಮಲ್ಲೂ ಯಾವುದು ಗಲಭೆ, ಯಾವುದು ದೌರ್ಜನ್ಯ ಎಂಬ ಜಗಳ ಎಫ್‌ಐಆರ್‌ನಿಂದಲೇ ಶುರುವಾಗುತ್ತದಲ್ಲ.)

ಬೆಂಕಿ ಆರಿದ ಮೇಲೆ ಪ್ಯೂರಿಫಾಯ್ ಮತ್ತು ಅವನ ಗೆಳೆಯ ಜಡ್ಸನ್ ಪೊವೆಲ್ ಬೀದಿಗಳಲ್ಲಿ ಆಯತೊಡಗಿದರು. ಸುಟ್ಟ ಹಲಗೆ, ಸೊಟ್ಟಗಾದ ತಗಡು, ಅಂಗಡಿಗಳ ನಿಯಾನ್ ದೀಪದ ಫಲಕಗಳು ಕರಗಿ ಗಟ್ಟಿಯಾದ ಮುದ್ದೆಗಳು. ಹೀಗೆ ಮೂರು ಟನ್ನಿನಷ್ಟು ಸುಟ್ಟ ಸಾಮಾನು ಸೇರಿತು. ಇನ್ನೂ ಕೆಲವು ಕಲಾವಿದರು ಕೂಡಿಕೊಂಡರು. ಅರವತ್ತಾರು ಕೃತಿಗಳಾದವು. ‘66 ಸೈನ್ಸ್ ಆಫ್ ನಿಯಾನ್’ ಎಂಬ ಹೆಸರಿನಲ್ಲಿ 1966ರಲ್ಲಿ ಅವನ್ನು ಮೊದಲು ತೋರಿಸಿದ್ದು ಶ್ರೀಮಂತರ ಗ್ಯಾಲರಿಯಲ್ಲಲ್ಲ, ವಾಟ್ಸ್‌ನದೇ ಮಾರ್ಕಮ್ ಜೂನಿಯರ್ ಹೈಸ್ಕೂಲಿನಲ್ಲಿ. ತಮ್ಮ ಬೀದಿಯ ಬೂದಿಯನ್ನು ಆ ಬೀದಿಯ ಜನರೇ ಮೊದಲು ನೋಡಿದರು. ಆಮೇಲೆ ಅದು ಹಲವು ವಿಶ್ವವಿದ್ಯಾಲಯಗಳನ್ನು ಸುತ್ತಿತು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ನೊಂದವರ ಬೂದಿಯನ್ನು ಚೌಕಟ್ಟು ಹಾಕಿ ತೋರಿಸುವುದು ನೋವಿನ ವ್ಯಾಪಾರ ಅಲ್ಲವೇ? ಸಂಘಟನೆಯ ಗೆಳೆಯರು ಇದನ್ನು ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. ನನಗನ್ನಿಸುವುದಿಷ್ಟು: ಪ್ಯೂರಿಫಾಯ್ ಸುಟ್ಟ ಹಲಗೆಯನ್ನು ತೊಳೆಯಲಿಲ್ಲ. ‘ವಾಟ್ಸ್ ರಯಟ್’ ಎಂಬ ಅವನ ಕೃತಿಯಲ್ಲಿ ಕರಿ ಹಾಗೇ ಇದೆ. ಎಲ್ಲಿಂದ ಬಂತು, ಯಾಕೆ ಸುಟ್ಟಿತು ಎಂಬುದನ್ನು ವಸ್ತು ತಾನೇ ಹೇಳುತ್ತದೆ. ನಮ್ಮ ‘ಕಸದಿಂದ ರಸ’ದಲ್ಲಿ ಕಸ ತಾನು ಎಲ್ಲಿತ್ತು ಎಂಬುದನ್ನು ಮರೆತರೆ ಮಾತ್ರ ಬಹುಮಾನ. ಚಂಡೀಗಡದಲ್ಲಿ ನೇಕ್ ಚಂದ್ ಕಟ್ಟಿ, 1976ರಲ್ಲಿ ಸಾರ್ವಜನಿಕರಿಗೆ ತೆರೆದ ರಾಕ್ ಗಾರ್ಡನ್ನಿನ ಒಡೆದ ಬಳೆ, ಪಿಂಗಾಣಿ ಚೂರುಗಳ ಬೊಂಬೆಗಳನ್ನು ಜನ ಮೆಚ್ಚುತ್ತಾರೆ, ನಾನೂ ಮೆಚ್ಚುತ್ತೇನೆ. ಆದರೆ ಆ ಹೊಸ ನಗರಕ್ಕಾಗಿ ಎತ್ತಂಗಡಿಯಾದ ಹಳ್ಳಿಗಳ ನೆನಪು ಟಿಕೆಟ್ಟು ಕೊಂಡು ಒಳಹೋದವರಿಗೆ ಎಷ್ಟು ಮುಟ್ಟುತ್ತದೆ?

ಪ್ಯೂರಿಫಾಯ್ ತನ್ನ ಮೇಲೆಯೇ ಕಠಿಣನಾಗಿದ್ದ. ಕಲೆ ಬದುಕನ್ನು ಬದಲಿಸದಿದ್ದರೆ ಅದರಿಂದೇನು ಎಂಬ ಪ್ರಶ್ನೆ ಅವನನ್ನು ಬಿಡಲಿಲ್ಲ. ಆ ಅರವತ್ತಾರರಲ್ಲಿ ಉಳಿದವು ಕೆಲವೇ. ಬಹುಪಾಲು ಮತ್ತೆ ಕಸವೇ ಆದವು. ಶಿಲ್ಪ ಮಾಡುವುದನ್ನು ಹೆಚ್ಚುಕಡಿಮೆ ಬಿಟ್ಟು, 1976ರಿಂದ ಹನ್ನೊಂದು ವರ್ಷ ಕ್ಯಾಲಿಫೋರ್ನಿಯಾ ಕಲಾಮಂಡಳಿಯಲ್ಲಿ ದುಡಿದು, ಶಾಲೆ, ಜೈಲುಗಳಿಗೆ ಕಲೆ ಮುಟ್ಟಿಸುವ ಯೋಜನೆಗಳಲ್ಲಿ ತೊಡಗಿದ. 1989ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಜೋಶುವಾ ಟ್ರೀ ಮರುಭೂಮಿಗೆ ಹೋಗಿ ಟಯರು, ಹಳೇ ಬಟ್ಟೆ, ಕಂಪ್ಯೂಟರಿನ ಡಬ್ಬ, ಕಕ್ಕಸಿನ ಪಿಂಗಾಣಿಗಳಿಂದ ಬಯಲಿನಲ್ಲೇ ದೊಡ್ಡ ದೊಡ್ಡ ಶಿಲ್ಪಗಳನ್ನು ನಿಲ್ಲಿಸಿದ. 2004ರಲ್ಲಿ ತೀರಿಕೊಳ್ಳುವವರೆಗೆ ಅದೇ ಕೆಲಸ.

ಅಲ್ಲಿ 2001ರ ಒಂದು ಶಿಲ್ಪವಿದೆ, ಹೆಸರು ‘ವೈಟ್/ಕಲರ್ಡ್’. ‘ಬಿಳಿಯರಿಗೆ’ ಎಂಬ ಫಲಕದಡಿ ಕುಡಿಯುವ ನೀರಿನ ನಲ್ಲಿ. ಪಕ್ಕದಲ್ಲಿ ‘ಕರಿಯರಿಗೆ’ ಎಂಬ ಫಲಕದಡಿ ಕಕ್ಕಸಿನ ಬೇಸಿನ್ನು. ದುಶಾಂಪ್ ಬೇಸಿನ್ನಿಗೆ ‘ಫೌಂಟನ್’ ಅಂದ. ಪ್ಯೂರಿಫಾಯ್ ಹುಟ್ಟಿದ ನಾಡಿನಲ್ಲಿ ‘ಫೌಂಟನ್’ ಅಂದರೆ ನಿತ್ಯದ ಅವಮಾನ. ಒಂದೇ ಪಿಂಗಾಣಿ. ದುಶಾಂಪ್‌ನಿಂದ ಪ್ಯೂರಿಫಾಯ್ ಕಲಿತದ್ದು ನಿಜ. ಕಲಿತು, ಆ ಬೇಸಿನ್ನನ್ನು ಅದು ಇದ್ದ ಜಾಗಕ್ಕೇ ಮರಳಿ ತಂದು ನಿಲ್ಲಿಸಿದ.

ಈ ಶಿಲ್ಪದ ಮುಂದೆ ನಿಂತವರಿಗೆ ಮಹಾಡ್ ನೆನಪಾಗದಿದ್ದರೆ ನಾವು ಓದಿದ್ದು ದಂಡ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ್ ಕೆರೆಯ ನೀರು ಮುಟ್ಟಿದರು. ಸವರ್ಣರು 108 ಕೊಡ ಪಂಚಗವ್ಯ ಸುರಿದು ಕೆರೆಯನ್ನು ‘ಶುದ್ಧ’ ಮಾಡಿಕೊಂಡರು. ಸೆಗಣಿ, ಗಂಜಲಕ್ಕಿಂತ ಮನುಷ್ಯನ ಬೆರಳು ಮೈಲಿಗೆ. ಪುಣೆಯ ಕಲಾವಿದೆ ರಾಜ್ಯಶ್ರೀ ಗೂಡಿ ಗಾಜಿನ ಲೋಟಗಳಲ್ಲಿ ಇದೇ ಪಂಚಗವ್ಯ ಇಟ್ಟು, ನೀರಿನ ಜಾತಿ ಯಾವುದು ಎಂದು ಕೇಳುವ ಕೃತಿ ಮಾಡಿದ್ದಾರೆ. ಮನುಸ್ಮೃತಿಯ ಪ್ರತಿಗಳನ್ನು ಹರಿದು ನೆನೆಸಿ ಮುದ್ದೆ ಮಾಡಿಯೂ ಕೃತಿಗಳನ್ನು ಮಾಡಿದ್ದಾರೆ. 1927ರ ಡಿಸೆಂಬರ್ 25ರಂದು ಸುಟ್ಟ ಪುಸ್ತಕ ಇಲ್ಲಿ ಕಚ್ಚಾವಸ್ತು.

ಇನ್ನು ಪೊರಕೆಯ ಮಾತು. ಬಾಂಬೆಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿದ್ದು 1972ರಲ್ಲಿ, ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರನ್ನು ಎತ್ತಿಕೊಂಡು. ಅದೇ ವರ್ಷ ಲಾಸ್ ಏಂಜಲೀಸಿನ ಬೆಟ್ಟಿ ಸಾರ್ ಎಂಬ ಕಪ್ಪು ಕಲಾವಿದೆ, ಚೀಟಿ ಬರೆದಿಡುವ ಹಲಗೆಗೆಂದು ಮಾಡಿದ್ದ ದಪ್ಪ ತುಟಿಯ ಅಡುಗೆಯವಳ ಬೊಂಬೆಯನ್ನು ತಂದು, ಅವಳ ಒಂದು ಕೈಯಲ್ಲಿದ್ದ ಪೊರಕೆಯನ್ನು ಹಾಗೇ ಬಿಟ್ಟು, ಇನ್ನೊಂದು ಕೈಗೆ ಬಂದೂಕು ಕೊಟ್ಟಳು. ‘ದಿ ಲಿಬರೇಶನ್ ಆಫ್ ಆಂಟ್ ಜೆಮೈಮಾ’ ಅದರ ಹೆಸರು. ಪೊರಕೆಯನ್ನು ಕಿತ್ತೆಸೆಯಬಹುದಿತ್ತು, ಎಸೆಯಲಿಲ್ಲ. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರು ಸೊಂಟಕ್ಕೆ ಪೊರಕೆ, ಕುತ್ತಿಗೆಗೆ ಮಡಕೆ ಕಟ್ಟಿಕೊಂಡು ನಡೆಯಬೇಕಿತ್ತು ಎಂದು 1936ರಲ್ಲಿ ಅಂಬೇಡ್ಕರ್ ಬರೆದರು. ಇವು ಮನುಷ್ಯನ ಮೈಮೇಲೆ ಕಟ್ಟಿದ ಶಿಲ್ಪಗಳೇ ಅಲ್ಲವೇ? ಊರೂರೇ ಪ್ರೇಕ್ಷಕರಾಗಿ ನಿಂತು ನೋಡಿದ್ದು?

ನಮ್ಮ ಕನ್ನಡದಲ್ಲಿ ಕಸ ಎಂಬ ಮಾತಿಗೇ ಒಂದು ಚರಿತ್ರೆ ಇದೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದರು, ಮಂತ್ರಿಗಿರಿ ಹೋಯಿತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದ ಮಂತ್ರಿಯೂ ಅವರೇ. ಬೂಸಾ ಎಂಬ ಮಾತಿಗೆ ಬೀದಿಗೆ ಬಂದವರು ಆ ಮಲದ ಬುಟ್ಟಿಯನ್ನು ಕಂಡು ಎಂದಾದರೂ ಬೀದಿಗೆ ಬಂದಿದ್ದರೇ?

ಹೋಟೆಲಿನ ಸೂರಿನಲ್ಲಿ ನಮ್ಮ ಹಿರಿಯರಿಗೆಂದು ಸಿಕ್ಕಿಸಿಟ್ಟಿದ್ದ ತೆಂಗಿನ ಚಿಪ್ಪು, ಆ ಬುಟ್ಟಿ, ಆ ಪೊರಕೆ ಯಾವ ಮ್ಯೂಸಿಯಮ್ಮಿನಲ್ಲಿವೆ? ಊರಿನ ಕಲಾವಿದ ಗೆಳೆಯರಿಗೆ ಇದನ್ನು ಹೇಳಿದಾಗ ಒಬ್ಬ, “ಚಿಪ್ಪು ಎಲ್ಲಿ ಸಿಗ್ತದೆ ಗುರು ಈಗ, ಎಲ್ಲಾ ಯೂಸ್ ಅಂಡ್ ಥ್ರೋ ಲೋಟ ಮಾಡವ್ರೆ” ಅಂದ. ಆ ಲೋಟಗಳನ್ನೇ ಆಯ್ದು ತರೋಣ ಅಂತ ಈಗ ಮಾತಾಗಿದೆ. ತೊಳೆಯದೆ ತರಬೇಕು.