ಒಂದು ಹಣ್ಣು ಮನೆಗೆ ಹೆಚ್ಚಾದಾಗ

‘ಹಸಿದು ಹಲಸು, ಉಂಡು ಮಾವು’ ಎಂಬುದು ಹಳೆಯ ಮಾತು. ಆದರೆ ಎಷ್ಟೇ ಹಸಿದಿದ್ದರೂ ಹತ್ತು, ಹದಿನೈದು ಕಿಲೋ ತೂಗುವ ಹಲಸಿನ ಹಣ್ಣನ್ನು ಒಂದು ಮನೆಯವರು ಒಂದೇ ದಿನದಲ್ಲಿ ತಿಂದು ಮುಗಿಸುವುದು ಕಷ್ಟ. ಕೊಯ್ದಿಟ್ಟರೆ ಕೆಡುತ್ತದೆ. ಮಿಕ್ಕ ತೊಳೆಗಳನ್ನು ಅಕ್ಕಿ, ಬೆಲ್ಲದೊಡನೆ ಬೇಯಿಸಿ ಕಡುಬು ಮಾಡುವುದು ಇದಕ್ಕೆ ಅಡಿಗೆಮನೆ ಕಂಡುಕೊಂಡ ದಾರಿ.

ಅಮೆರಿಕದ ‘ಕಾಬ್ಲರ್’ ಎಂಬ ತಿನಿಸಿನ ಕಥೆಯೂ ಇಂಥದೇ. 19ನೇ ಶತಮಾನದಲ್ಲಿ ಪಶ್ಚಿಮಕ್ಕೆ ವಲಸೆ ಹೊರಟವರ ಬಳಿ ಸರಿಯಾದ ಒಲೆಯಿರಲಿಲ್ಲ. ಸಿಕ್ಕಿದ ಹಣ್ಣಿನ ಮೇಲೆ ನಾದಿದ ಹಿಟ್ಟನ್ನಿಟ್ಟು, ಕಬ್ಬಿಣದ ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸುತ್ತಿದ್ದರು. ಅಲ್ಲಿ ಕೆಂಡ, ಇಲ್ಲಿ ಹಬೆ, ವ್ಯತ್ಯಾಸ ಅಷ್ಟೇ. ಕನ್ನಡದಲ್ಲಿ ಹಿಟ್ಟಿನ ಅಡಿಗೆಯ ಪರಂಪರೆ ಇನ್ನೂ ಹಳೆಯದು. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ರಚಿಸಿದ ‘ಸೂಪಶಾಸ್ತ್ರ’ದಲ್ಲಿ ಹಿಟ್ಟಿನ ತಿನಿಸುಗಳಿಗೇ ಒಂದು ಅಧ್ಯಾಯವಿದೆ.

ಹಲಸಿನ ಕಡುಬು ಮಲೆನಾಡು, ಕರಾವಳಿಗಳಲ್ಲಿ ಹೆಚ್ಚು ಪ್ರಸಿದ್ಧ. ಆದರೆ ಅದಕ್ಕೆ ಬೇಕಾದುದೆಲ್ಲ ತೆಂಗಿನ ನಾಡಾದ ತುಮಕೂರಿನ ಮನೆಗಳಲ್ಲೂ ಇರುತ್ತದೆ. ಎರಡು ಲೋಟ ಹೆಚ್ಚಿದ ತೊಳೆ, ಒಂದು ಲೋಟ ಅಕ್ಕಿ ತರಿ, ಅರ್ಧ ಲೋಟ ಬೆಲ್ಲ, ಅಷ್ಟೇ ಕಾಯಿತುರಿ, ಚಿಟಿಕೆ ಉಪ್ಪು, ಏಲಕ್ಕಿ. ನೀರು ಬೇಡ, ಹಣ್ಣಿನ ರಸವೇ ತರಿಯನ್ನು ನೆನೆಸುತ್ತದೆ. ಕಲಸಿ, ಬಾಳೆ ಎಲೆಯಲ್ಲಿ ಮಡಿಸಿ ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಿ, ತುಪ್ಪದೊಂದಿಗೆ ಬಡಿಸಿದರಾಯಿತು.

ರುಚಿ ಮಾತ್ರ ಮರದಿಂದ ಮರಕ್ಕೆ ಬೇರೆ. ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ಹೊಲದ ಬದು, ತೋಟದ ಅಂಚುಗಳಲ್ಲಿ ನಿಂತಿರುವ ಹಳೆಯ ಹಲಸಿನ ಮರಗಳು ಬಹುಮಟ್ಟಿಗೆ ಬೀಜದಿಂದ ಬೆಳೆದವು. ಬೀಜದ ಗಿಡ ತಾಯಿಮರದ ಗುಣವನ್ನು ಹಾಗೆಯೇ ಪಡೆಯುವುದಿಲ್ಲ. ಹೀಗಾಗಿ ನಾಟಾಕ್ಕೆಂದು ಒಂದು ಒಳ್ಳೆಯ ಮರ ಕಡಿದರೆ ಆ ರುಚಿ ಅಲ್ಲಿಗೇ ಮುಗಿಯಿತು. ಅದನ್ನು ಉಳಿಸುವ ದಾರಿ ಕಸಿ ಕಟ್ಟುವುದು.

ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಇದು ನಡೆದಿದೆ. ರೈತ ಎಸ್.ಎಸ್. ಪರಮೇಶ ಅವರ ತಂದೆ ಸಿದ್ದಪ್ಪ ನೆಟ್ಟಿದ್ದ ಮರದ ಹಣ್ಣು ಪುಟ್ಟದು, ಸುಮಾರು ಎರಡೂವರೆ ಕಿಲೋ, ತೊಳೆ ತಾಮ್ರಗೆಂಪು. ಚಿಕ್ಕ ಸಂಸಾರಕ್ಕೆ ಹೇಳಿಮಾಡಿಸಿದ ಅಳತೆ. ತುಮಕೂರು ಬಳಿಯ ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಅದನ್ನು ಪರೀಕ್ಷಿಸಿ, ಪೋಷಕಾಂಶಗಳಲ್ಲಿ ಶ್ರೀಮಂತವೆಂದು ಗುರುತಿಸಿದರು. ನೆಟ್ಟವರ ನೆನಪಿಗೆ ತಳಿಗೆ ‘ಸಿದ್ದು’ ಎಂಬ ಹೆಸರಾಯಿತು. 2017ರ ಸುಮಾರಿಗೆ ಆದ ಒಪ್ಪಂದದಂತೆ ಕಸಿ ಗಿಡಗಳ ಮಾರಾಟದ ಹಣದಲ್ಲಿ ಶೇಕಡ 75 ಭಾಗ ರೈತನಿಗೇ ಸೇರುವಂತಾಯಿತು.

ಕಡಿದಿದ್ದರೆ ಆ ಮರ ಒಮ್ಮೆ ಮಾತ್ರ ನಾಟಾದ ಬೆಲೆ ತರುತ್ತಿತ್ತು. ನಿಂತದ್ದರಿಂದ ಅದರ ರುಚಿ ಈಗ ನೂರಾರು ತೋಟಗಳಿಗೆ ಹೋಗಿದೆ. ಹೆಸರಿಲ್ಲದ ಇನ್ನೆಷ್ಟೋ ಮರಗಳು ಬದುಗಳ ಮೇಲೆ ಉಳಿದಿವೆ. ಅವುಗಳ ಹಣ್ಣು ಮನೆಯ ಒಲೆಯವರೆಗೆ ಬರುತ್ತಿದ್ದರೆ ಕೊಡಲಿಗೆ ಮೊದಲು ಯಾರಾದರೂ ಯೋಚಿಸಿಯಾರು.