ತಂತಿ ಕಳಚಿಕೊಂಡ ಕೀಲಿಮಣೆ

ಬರೆಯುವ ಯಂತ್ರದ ಇತಿಹಾಸವೆಂದರೆ ಬಹುಮಟ್ಟಿಗೆ ಬೆರಳುಗಳ ಇತಿಹಾಸ. ಯಂತ್ರದ ಒಳಗೆ ಏನೆಲ್ಲ ಬದಲಾದರೂ ಮನುಷ್ಯನ ಬೆರಳು, ಮಣಿಕಟ್ಟು ಬದಲಾಗಲಿಲ್ಲ. ಈ ಸರಳ ಸಂಗತಿಯನ್ನು ಮರೆತ ದೊಡ್ಡ ಕಂಪನಿಗಳೂ ಪೆಟ್ಟು ತಿಂದದ್ದುಂಟು. ಇಂದು ಅಂಗಡಿಗಳಲ್ಲಿ ರಾಶಿ ಬಿದ್ದಿರುವ ತಂತಿಯಿಲ್ಲದ ಕೀಲಿಮಣೆಯನ್ನು ಕೊಳ್ಳುವ ಮುನ್ನ ಅದರ ಪೂರ್ವಕಥೆಯನ್ನು ತಿಳಿದರೆ ನಷ್ಟವಿಲ್ಲ, ಲಾಭವೇ ಹೆಚ್ಚು.

ಅಮೆರಿಕದ ಮಿಲ್ವಾಕಿ ನಗರದಲ್ಲಿ ಪತ್ರಿಕಾ ಸಂಪಾದಕರಾಗಿದ್ದ ಕ್ರಿಸ್ಟೋಫರ್ ಲ್ಯಾಥಮ್ ಶೋಲ್ಸ್ ತಮ್ಮ ಸಂಗಡಿಗರೊಡನೆ ಬೆರಳಚ್ಚು ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1868ರಲ್ಲಿ. ಅದರ ಕೀಲಿಗಳು ಮೊದಲು ಪಿಯಾನೋ ವಾದ್ಯದ ಮಣೆಯಂತಿದ್ದವು. ಬಂದೂಕು, ಹೊಲಿಗೆ ಯಂತ್ರಗಳನ್ನು ತಯಾರಿಸುತ್ತಿದ್ದ ರೆಮಿಂಗ್ಟನ್ ಕಂಪನಿ 1874ರಲ್ಲಿ ಈ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಆ ಹೊತ್ತಿಗೆ ಅಕ್ಷರಗಳ ಸಾಲು ಇಂದಿನದಕ್ಕೆ ತೀರ ಹತ್ತಿರ ಬಂದಿತ್ತು. 1936ರಲ್ಲಿ ಪ್ರಾಧ್ಯಾಪಕ ಆಗಸ್ಟ್ ಡ್ವೊರಾಕ್ ಬೆರಳಿಗೆ ಹೆಚ್ಚು ಹಿತವಾದ ಬೇರೊಂದು ಜೋಡಣೆಗೆ ಪೇಟೆಂಟ್ ಪಡೆದರು. ಆದರೆ ಒಮ್ಮೆ ಕಲಿತ ಬೆರಳುಗಳು ಹಳೆಯ ಸಾಲನ್ನು ಬಿಡಲೊಲ್ಲವು. ನಮ್ಮ ದೇಶದಲ್ಲಿಯೂ 1955ರಿಂದ ಗೋದ್ರೇಜ್ ಯಂತ್ರಗಳು ಕಚೇರಿ ಕಚೇರಿಗಳಲ್ಲಿ ಟಕಟಕಿಸಿ, ಕಡೆಗೆ ತಯಾರಿಕೆಯೇ ನಿಂತುಹೋಯಿತು. ಯಂತ್ರ ಹೋಯಿತು, ಸಾಲು ಉಳಿಯಿತು. ಗಣಕಯಂತ್ರ ಅದನ್ನೇ ಮುಂದುವರಿಸಿತು.

ಗಣಕದ ಕೀಲಿಮಣೆಗೆ ಒಂದು ಬಾಲವಿತ್ತು, ಅದೇ ತಂತಿ. ಈ ಬಾಲವನ್ನು ಕತ್ತರಿಸಲು ನಡೆದ ಹೆಸರಾಂತ ಪ್ರಯತ್ನ ಐಬಿಎಂ ಕಂಪನಿಯದು. 1983ರ ನವೆಂಬರ್ 1ರಂದು ಅದು 'ಪಿಸಿ ಜೂನಿಯರ್' ಎಂಬ ಮನೆಬಳಕೆಯ ಗಣಕವನ್ನು ಪ್ರಕಟಿಸಿತು. ಅದರ ಕೀಲಿಮಣೆಗೆ ತಂತಿಯಿಲ್ಲ. ನಾಲ್ಕು ಸಣ್ಣ ಬ್ಯಾಟರಿಗಳ ಬಲದಿಂದ, ಇಂದಿನ ಟೀವಿ ರಿಮೋಟಿನ ಹಾಗೆ, ಅವಗೆಂಪು ಕಿರಣಗಳ ಮೂಲಕ ಸಂಕೇತ ಕಳುಹಿಸುತ್ತಿತ್ತು. ಸುಮಾರು 20 ಅಡಿ ದೂರದಿಂದಲೂ ಬಳಸಬಹುದೆಂಬುದು ಅದರ ಹೆಗ್ಗಳಿಕೆ.

ಬಳಸಿದವರ ಅನುಭವವೇ ಬೇರೆಯಾಯಿತು. ಕೀಲಿಗಳು ಚ್ಯೂಯಿಂಗ್ ಗಮ್ ತುಂಡುಗಳಂತೆ ಕಿರಿದು, ಒಂದಕ್ಕೊಂದು ದೂರ ದೂರ. ಅಕ್ಷರಗಳನ್ನು ಕೀಲಿಯ ಮೇಲೆ ಅಚ್ಚು ಹಾಕದೆ ಅದರ ಮೇಲ್ಗಡೆಯ ಜಾಗದಲ್ಲಿ ಹಾಕಿದ್ದರು. ಬೆರಳಚ್ಚು ಬಲ್ಲವರಿಗೆ ಅದು ಆಟಿಕೆಯಂತೆ ಕಂಡಿತು. ಕಿರಣದ ಹಾದಿಗೆ ಯಾರಾದರೂ ಅಡ್ಡ ಬಂದರೆ ಅಕ್ಷರ ನಾಪತ್ತೆ! ಒಂದೇ ಕೊಠಡಿಯಲ್ಲಿ ಹಲವು ಗಣಕಗಳಿದ್ದರೆ ಒಬ್ಬರು ಒತ್ತಿದ್ದು ಇನ್ನೊಬ್ಬರ ಪರದೆಯ ಮೇಲೆ ಮೂಡುವ ಪೇಚು ಬೇರೆ. ಕೊನೆಗೆ 1984ರಲ್ಲಿ ಕಂಪನಿ ಹಳೆಯ ಗಿರಾಕಿಗಳಿಗೆಲ್ಲ ಹೊಸ ಕೀಲಿಮಣೆಯನ್ನು ಬಿಟ್ಟಿಯಾಗಿ ಕೊಟ್ಟಿತು. ಆದರೂ 1985ರ ಮಾರ್ಚಿಯಲ್ಲಿ ಪಿಸಿ ಜೂನಿಯರ್ ತಯಾರಿಕೆ ನಿಂತಿತು. ಬೆಲೆಯೂ ಇತರ ಕೊರತೆಗಳೂ ಇದಕ್ಕೆ ಕಾರಣವೇ. ಆದರೆ ಜನರ ನೆನಪಿನಲ್ಲಿ ಉಳಿದದ್ದು ಆ ಕೀಲಿಮಣೆ.

ಬೆಳಕು ಸೋತಲ್ಲಿ ರೇಡಿಯೋ ಗೆದ್ದಿತು. ರೇಡಿಯೋ ಅಲೆಗೆ ನೇರದೃಷ್ಟಿಯ ಹಂಗಿಲ್ಲ. ಮೊದಮೊದಲು ಬಂದ 27 ಮೆಗಾಹರ್ಟ್ಸ್ ಕೀಲಿಮಣೆಗಳು ಒಂದೆರಡು ಮೀಟರಿನಾಚೆ ತಡವರಿಸುತ್ತಿದ್ದವು. 1998ರಲ್ಲಿ ಎರಿಕ್ಸನ್, ನೋಕಿಯಾ, ಐಬಿಎಂ, ಇಂಟೆಲ್, ತೋಷಿಬಾ ಕಂಪನಿಗಳು ಸೇರಿ 'ಬ್ಲೂಟೂತ್' ಕೂಟ ಕಟ್ಟಿದವು. ಮೂಲ ಬ್ಲೂಟೂತ್ 2.4 ಗಿಗಾಹರ್ಟ್ಸ್ ಪಟ್ಟಿಯ 79 ಕಾಲುವೆಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತದೆ. ಒಂದು ಕಡೆ ಅಡ್ಡಿಯಾದರೆ ಇನ್ನೊಂದು ಕಡೆ ಹಾದಿ. ಇಂಥ ಜಿಗಿತದ ಒಂದು ಉಪಾಯಕ್ಕೆ 1942ರಲ್ಲಿ ಪೇಟೆಂಟ್ ಪಡೆದವರಲ್ಲಿ ಒಬ್ಬಾಕೆ ಹಾಲಿವುಡ್ ನಟಿ ಹೆಡಿ ಲಮಾರ್ ಎಂಬುದು ಸ್ವಾರಸ್ಯದ ವಿಷಯ. ಆಗ ಅದರ ಗುರಿ, ಟಾರ್ಪಿಡೋವಿಗೆ ಕಳುಹಿಸುವ ಸಂಕೇತವನ್ನು ಶತ್ರು ಕೆಡಿಸದಂತೆ ಕಾಪಾಡುವುದಾಗಿತ್ತು.

ಹಾಗೆಂದು ಅಡಚಣೆ ಪೂರ್ತಿ ತೀರಿಲ್ಲ. ವೈ-ಫೈ, ಅಡುಗೆಮನೆಯ ಮೈಕ್ರೋವೇವ್ ಒಲೆ ಇವೂ ಇದೇ ಪಟ್ಟಿಯ ನೆರೆಹೊರೆ. ಕಬ್ಬಿಣದ ಮೇಜು, ಬೀರು ಅಲೆಯನ್ನು ತಡೆಯುತ್ತವೆ. ಯುಎಸ್‌ಬಿ 3.0 ಕಿಂಡಿಯ ಸದ್ದು ಪಕ್ಕದಲ್ಲೇ ಸಿಕ್ಕಿಸಿದ ಪುಟ್ಟ ಗ್ರಾಹಕವನ್ನು ಕೆಡಿಸಬಲ್ಲುದೆಂದು 2012ರಲ್ಲಿ ಇಂಟೆಲ್ ಕಂಪನಿಯೇ ತೋರಿಸಿತು. ಅಕ್ಷರಗಳು ತಪ್ಪುತ್ತಿದ್ದರೆ ಒಂದು ಚಿಕ್ಕ ವಿಸ್ತರಣಾ ತಂತಿಯಿಂದ ಗ್ರಾಹಕವನ್ನು ಮೇಜಿನ ಮುಂಭಾಗಕ್ಕೆ ತಂದಿಡಬೇಕು. ಬಹುಪಾಲು ಕಾಯಿಲೆ ಅಷ್ಟರಲ್ಲೇ ವಾಸಿ. ದೂರ ಹೆಚ್ಚಿದಷ್ಟೂ ಲೇಸೆಂಬುದೂ ಸುಳ್ಳು. ಕೆಲವು ಅಗ್ಗದ ಕೀಲಿಮಣೆಗಳು ಒತ್ತಿದ ಅಕ್ಷರಗಳನ್ನು ಗುಪ್ತಲಿಪಿಗಿಳಿಸದೆ ಕಳುಹಿಸುತ್ತವೆಂದೂ, 250 ಅಡಿ ದೂರದಿಂದ ಅವನ್ನು ಕದ್ದು ಓದಬಹುದೆಂದೂ 2016ರಲ್ಲಿ ಬ್ಯಾಸ್ಟಿಲ್ ಎಂಬ ಸಂಸ್ಥೆ ಬಯಲು ಮಾಡಿತು. ಗೋಡೆಗೆ ಗೋಡೆ ಅಂಟಿದ ನಮ್ಮ ಮಹಾನಗರದ ಮನೆಗಳಲ್ಲಿ, ಬ್ಯಾಂಕಿನ ವ್ಯವಹಾರವೂ ಕೀಲಿಮಣೆಯ ಮೇಲೆಯೇ ನಡೆಯುವಾಗ, ಇದು ಅಲಕ್ಷ್ಯ ಮಾಡುವ ಮಾತಲ್ಲ. ಸಂಕೇತವನ್ನು ಗುಪ್ತಲಿಪಿಯಲ್ಲಿ ಕಳುಹಿಸುತ್ತದೆಯೇ ಎಂದು ಡಬ್ಬಿಯ ಮೇಲೆ ಓದಿಯೇ ಕೊಳ್ಳಬೇಕು. ಸಾಮಾನ್ಯ ಬಳಕೆಗೆ ಕೋಣೆಯೊಳಗೆ ಹತ್ತು ಮೀಟರ್ ಧಾರಾಳ.

ಇನ್ನು ಹಿತದ ಮಾತು. ಕೀಲಿಗಳು ಪೂರ್ಣ ಅಳತೆಯವಾಗಿರಲಿ. ಒತ್ತಿದ್ದು ಬೆರಳಿಗೆ ತಿಳಿಯಲಿ. ಮಣೆ ತೆಳ್ಳಗಿದ್ದು ಮಣಿಕಟ್ಟು ಮೇಲಕ್ಕೆ ಬಾಗದಿರಲಿ. ಹಿಂದಿನ ಕಾಲುಗಳನ್ನು ಎತ್ತಿ ನಿಲ್ಲಿಸುವ ಅಭ್ಯಾಸ ಮಣಿಕಟ್ಟಿಗೆ ಹಿತವಲ್ಲ. ಅಂಗಡಿಯಲ್ಲಿ ನಾಚದೆ ಹತ್ತು ಸಾಲು ಒತ್ತಿ ನೋಡಬೇಕು.

ಕನ್ನಡ ಅಚ್ಚಾದ ಕೀಲಿಮಣೆ ಮುಂಬಯಿ, ದೆಹಲಿಗಳ ಅಂಗಡಿಗಳಲ್ಲಿ ಸುಲಭವಾಗಿ ಸಿಗದೆಂದು ಕೊರಗುವವರುಂಟು. ಅದರ ಅಗತ್ಯವೇ ಇಲ್ಲದಂತೆ ಕೆ. ಪಿ. ರಾವ್ ಅವರು ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡವನ್ನು ಕೂರಿಸಿದ್ದಾರೆ. ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂದು ಐದು ಸಲ ಒತ್ತಿದರೆ 'ಕನ್ನಡ' ಮೂಡುತ್ತದೆ. ನಡುವಿನ ಎಫ್ ಕೀಲಿಯೇ ಒತ್ತಕ್ಷರದ ಕೊಂಡಿ. ಈ ಜೋಡಣೆಯನ್ನೇ ತುಸು ತಿದ್ದಿ ಕರ್ನಾಟಕ ಸರಕಾರ ಅಂಗೀಕರಿಸಿತು. 'ನುಡಿ' ತಂತ್ರಾಂಶದಲ್ಲಿರುವುದೂ ಇದೇ. ಭಾರತೀಯ ಭಾಷೆಗಳಿಗೆಲ್ಲ ಒಂದೇ ಸ್ಥಾನ ಕೊಡುವ ಇನ್‌ಸ್ಕ್ರಿಪ್ಟ್ ಜೋಡಣೆ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಅದರಲ್ಲಿ ಹಿಂದಿಯ 'ಕ' ಇರುವಲ್ಲೇ ಕನ್ನಡದ 'ಕ'. ಶಾಲೆಯಲ್ಲಿ ಹಿಂದಿ ಒತ್ತಲು ಕಲಿತ ಮಗುವಿನ ಬೆರಳಿಗೆ ಕನ್ನಡದ ದಾರಿ ಅರ್ಧ ಗೊತ್ತಿದ್ದಂತೆಯೇ.

ತಂತಿ ಹೋದದ್ದು ಒಂದು ಅನುಕೂಲ ಮಾತ್ರ. ಕೈಗೆ ನೋವಾಗದ, ಅಕ್ಷರ ನುಂಗದ ಮಣೆಯೊಂದು ಮನೆಯಲ್ಲಿದ್ದರೆ ಮಕ್ಕಳು ಊರಿನ ಅಜ್ಜಿಗೆ ಅಜ್ಜಿಯ ಭಾಷೆಯಲ್ಲೇ ನಾಲ್ಕು ಸಾಲು ಬರೆದಾರು. ಕೊಳ್ಳುವಾಗ ಬೆಲೆಯ ಚೀಟಿಯ ಜೊತೆಗೆ ಇದನ್ನೂ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು.