ಮೆಟಾಲಿಕಾದ ‘ಒನ್’: ತಲೆ ಬಡಿದು ಮೊರೆಯಿಟ್ಟ ಸೈನಿಕ

ಎಂಬತ್ತರ ದಶಕದ ಅಮೆರಿಕದಲ್ಲಿ ರಾಕ್ ತಂಡಗಳಿಗೆ ಎಂಟಿವಿ ವಾಹಿನಿಯೇ ಹೆಬ್ಬಾಗಿಲು. ಹಾಡು ಬಂತೆಂದರೆ ಅದಕ್ಕೊಂದು ವಿಡಿಯೊ ಬೇಕು. ಅದರಲ್ಲಿ ಥಳಕಿನ ಉಡುಪು, ಕಾರು, ಕುಣಿಯುವ ಹುಡುಗಿಯರು ಇದ್ದರೆ ಇನ್ನೂ ಒಳ್ಳೆಯದು. ಈ ಸಂತೆಯಿಂದ ಹಟ ಹಿಡಿದು ದೂರ ಉಳಿದಿದ್ದ ತಂಡ ಕ್ಯಾಲಿಫೋರ್ನಿಯಾದ ಮೆಟಾಲಿಕಾ. 1988ರಲ್ಲಿ ಬಂದ ಅದರ ನಾಲ್ಕನೆಯ ಆಲ್ಬಂ ‘ಆ್ಯಂಡ್ ಜಸ್ಟೀಸ್ ಫಾರ್ ಆಲ್’ ಕೂಡ ವಿಡಿಯೊದ ಹಂಗಿಲ್ಲದೆಯೇ ಲಕ್ಷಗಟ್ಟಲೆ ಮಾರಾಟವಾಗಿತ್ತು. 1989ರ ಜನವರಿಯಲ್ಲಿ ಅದೇ ಆಲ್ಬಂನ ‘ಒನ್’ ಹಾಡು ಬಿಡಿಯಾಗಿ, ಅಂದರೆ ‘ಸಿಂಗಲ್’ ಆಗಿ ಹೊರಬಂದಾಗ ತಂಡ ಹಟ ಸಡಿಲಿಸಿತು. ಆದರೆ ಅದು ಮಾಡಿದ ವಿಡಿಯೊದಲ್ಲಿ ಥಳಕಿರಲಿಲ್ಲ, ಆಸ್ಪತ್ರೆಯ ಹಾಸಿಗೆಯಿತ್ತು.

ಹಾಡಿನ ಬೇರು ಡಾಲ್ಟನ್ ಟ್ರಂಬೊ 1939ರಲ್ಲಿ ಪ್ರಕಟಿಸಿದ ‘ಜಾನಿ ಗಾಟ್ ಹಿಸ್ ಗನ್’ ಕಾದಂಬರಿಯಲ್ಲಿದೆ. ಮೊದಲ ಮಹಾಯುದ್ಧದಲ್ಲಿ ಶೆಲ್ ಸಿಡಿದು ಜೋ ಬಾನಮ್ ಎಂಬ ಸೈನಿಕ ಕೈಕಾಲು, ಕಣ್ಣು, ಕಿವಿ, ಬಾಯಿ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಉಳಿದದ್ದು ಪ್ರಜ್ಞೆಯೊಂದೇ. ತಲೆಯನ್ನು ದಿಂಬಿಗೆ ಬಡಿದು ಮೋರ್ಸ್ ಸಂಕೇತದಲ್ಲಿ ಆತ ಮಾತನಾಡುತ್ತಾನೆ: ಯುದ್ಧ ಏನು ಮಾಡುತ್ತದೆಂದು ತನ್ನನ್ನು ಜನರಿಗೆ ತೋರಿಸಿ, ಇಲ್ಲವೇ ಕೊಂದುಬಿಡಿ. ಸೇನಾಧಿಕಾರಿಗಳು ಎರಡಕ್ಕೂ ಒಪ್ಪುವುದಿಲ್ಲ.

ಟ್ರಂಬೊ ಕೂಡ ಬಾಯಿ ಕಟ್ಟಿಸಿಕೊಂಡವನೇ. ಕಮ್ಯುನಿಸ್ಟರ ಕುರಿತ ಅಮೆರಿಕ ಸಂಸತ್ತಿನ ವಿಚಾರಣೆಯಲ್ಲಿ ಉತ್ತರಿಸಲು ನಿರಾಕರಿಸಿ 1950ರಲ್ಲಿ ಜೈಲಿಗೆ ಹೋದ. ಹಾಲಿವುಡ್‌ನ ಕಪ್ಪುಪಟ್ಟಿ ಸೇರಿ ವರ್ಷಗಟ್ಟಲೆ ಬೇರೆಯವರ ಹೆಸರಿನಲ್ಲಿ ಚಿತ್ರಕಥೆ ಬರೆದ. 1971ರಲ್ಲಿ ತನ್ನ ಕಾದಂಬರಿಯನ್ನು ತಾನೇ ಚಿತ್ರವಾಗಿಸಿದ. ಕಾನ್ ಚಿತ್ರೋತ್ಸವದಲ್ಲಿ ಅದಕ್ಕೆ ತೀರ್ಪುಗಾರರ ವಿಶೇಷ ಬಹುಮಾನ ಬಂತು. ಪ್ರೇಕ್ಷಕರು ಮಾತ್ರ ಹೆಚ್ಚು ಬರಲಿಲ್ಲ.

ಆ ಚಿತ್ರದ ತುಣುಕುಗಳನ್ನೇ ಬಿಲ್ ಪೋಪ್ ಮತ್ತು ಮೈಕೇಲ್ ಸಾಲೊಮನ್ ಈ ವಿಡಿಯೊಗೆ ಹೆಣೆದರು. ಮುಂದೆ ಮೆಟಾಲಿಕಾ ಚಿತ್ರದ ಹಕ್ಕುಗಳನ್ನೇ ಕೊಂಡಿತು. ಗೋದಾಮಿನಂಥ ಬರಿದಾದ ಜಾಗದಲ್ಲಿ ತಂಡ ಕಪ್ಪು-ಬಿಳುಪಿನಲ್ಲಿ ನುಡಿಸುತ್ತದೆ. ನಡುನಡುವೆ ಚಿತ್ರದ ಸಂಭಾಷಣೆ ತೂರಿಬರುತ್ತದೆ, ಆಗ ಹಾಡೇ ಹಿನ್ನೆಲೆಗೆ ಸರಿಯುತ್ತದೆ. ತನ್ನ ಹಾಡಿನ ಮೇಲೆ ಮಾತು ಬೀಳಲು ಬಿಡುವ ಗಾಯಕರು ಎಷ್ಟು ಮಂದಿ ಸಿಗುತ್ತಾರೆ? ಮೆಲುವಾದ ಗಿಟಾರಿನಿಂದ ಶುರುವಾಗುವ ಏಳು ನಿಮಿಷಕ್ಕೂ ಮೀರಿದ ಹಾಡು, ಕೊನೆಗೆ ಲಾರ್ಸ್ ಉಲ್ರಿಚ್‌ನ ಡ್ರಮ್ಮಿನಲ್ಲಿ ಮೆಷಿನ್‌ಗನ್ನಿನಂತೆ ಸಿಡಿಯುತ್ತದೆ. ಚಿತ್ರದ ತುಣುಕುಗಳಿಲ್ಲದ ಚಿಕ್ಕ ಆವೃತ್ತಿಯೂ ಬಂತು. ಅದು ಸಪ್ಪೆ.

ವಿಡಿಯೊ ಮಾಡಿದ್ದಕ್ಕೇ ಕೆಲವು ಹಳೆಯ ಅಭಿಮಾನಿಗಳು ಮುನಿದರು. ತಂಡ ಮಾರಾಟವಾಯಿತೆಂದು ದೂರಿದರು. ಬಾಸ್ ಗಿಟಾರ್ ಕೇಳಿಸುವುದೇ ಇಲ್ಲವೆಂಬ ಟೀಕೆ ಇಡೀ ಆಲ್ಬಂಗೆ ಅಂಟಿತು, ಅದು ನ್ಯಾಯವೂ ಹೌದು. ಆದರೂ ‘ಒನ್’ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 35ನೇ ಸ್ಥಾನಕ್ಕೇರಿತು. ಮೊದಲ ನಲವತ್ತರೊಳಗೆ ಬಂದ ಮೆಟಾಲಿಕಾದ ಮೊದಲ ಹಾಡು ಇದು.

1989ರ ಫೆಬ್ರುವರಿಯಲ್ಲಿ ಗ್ರ್ಯಾಮಿ ಪ್ರಶಸ್ತಿ ಸಮಾರಂಭದಲ್ಲಿ ತಂಡ ಈ ಹಾಡನ್ನು ನುಡಿಸಿತು. ಹಾರ್ಡ್ ರಾಕ್ ಮತ್ತು ಮೆಟಲ್ ಸಂಗೀತಕ್ಕೆ ಮೊದಲ ಬಾರಿ ಕೊಟ್ಟ ಆ ಪ್ರಶಸ್ತಿ ಮಾತ್ರ ಕೊಳಲು ನುಡಿಸುವ ಇಯಾನ್ ಆ್ಯಂಡರ್ಸನ್‌ರ ಜೆತ್ರೊ ಟಲ್ ತಂಡಕ್ಕೆ ಹೋಯಿತು! ಸಭಿಕರು ಗೇಲಿ ಮಾಡಿದರು. ಮರುವರ್ಷ ಮೆಟಲ್‌ಗೇ ಪ್ರತ್ಯೇಕ ವಿಭಾಗ ತೆರೆದರು. ಅದರ ಮೊದಲ ಪ್ರಶಸ್ತಿ ‘ಒನ್’ಗೆ ಬಂತು.

ಟ್ರಂಬೊ 1976ರಲ್ಲೇ ತೀರಿಕೊಂಡಿದ್ದ. ಚಿತ್ರಮಂದಿರದಲ್ಲಿ ಜನ ಕಾಣದ ಅವನ ಸೈನಿಕ, ಎಂಟಿವಿಯ ಮೂಲಕ ಮನೆಮನೆಯ ನಡುಮನೆಗೆ ಬಂದ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದ ಹಾಡುಗಳಲ್ಲಿ ‘ಒನ್’ ಕೂಡ ಇತ್ತು.